ಜೋಡಿ ಗದ್ದೆಗಳ ಹುಟ್ಟುವಳಿಯನ್ನು ಹೋಲಿಸುವ ಕ್ರಮ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಭತ್ತವೂ ಕಬ್ಬೂ ಬೆಳೆಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯ. ನಾಲೆಯ ನೀರು ಒಂದೇ ಆದರೂ ಗದ್ದೆಗಳ ಸ್ಥಿತಿ ಒಂದೇ ಅಲ್ಲ. ಒಂದಕ್ಕೆ ನೀರು ಬೇಗ ಸೇರುವುದು, ಮತ್ತೊಂದಕ್ಕೆ ತಡವಾಗುವುದು. ಮಣ್ಣಿನ ಸಾರವೂ ಬೇರೆ ಬೇರೆ. ಆದುದರಿಂದ ಒಬ್ಬರು ಹೊಂಗೆಸೊಪ್ಪನ್ನು ತುಳಿಸಿದ ಗದ್ದೆಯನ್ನು ನೆರೆಯವರ ಬರಿಯ ಗದ್ದೆಯೊಡನೆ ಹೋಲಿಸಿ, ಹೆಚ್ಚು ಬಂದುದೆಲ್ಲ ಸೊಪ್ಪಿನ ಗುಣವೆಂದು ನಿರ್ಣಯಿಸುವುದು ಯುಕ್ತವಲ್ಲ. ಗ್ರಾಮದ ಮುಖಂಡರ ಮಾತನ್ನು ನಂಬಿ ಅನೇಕರು ಸೊಪ್ಪಿಗೂ ಕೂಲಿಗೂ ಹಣವನ್ನು ವೆಚ್ಚಮಾಡುವರಾದ ಕಾರಣ, ಹೇಳುವ ಮೊದಲು ಪರೀಕ್ಷಿಸುವುದು ಅವಶ್ಯಕ.

ಪ್ರಯೋಗದ ಏರ್ಪಾಡು: ಗ್ರಾಮದಲ್ಲಿ ಬೇರೆ ಬೇರೆ ಕಡೆಯ ಎಂಟು ಗದ್ದೆಗಳನ್ನು ಆರಿಸಿ, ಪ್ರತಿಯೊಂದನ್ನೂ ನಡುವೆ ಬದು ಹಾಕಿ ಎರಡು ಸಮಭಾಗ ಮಾಡತಕ್ಕದ್ದು. ಯಾವ ಭಾಗಕ್ಕೆ ಸೊಪ್ಪು ಎಂಬುದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಬೇಕು. ಕಾಲುವೆಯ ಮಗ್ಗುಲಿನ ಭಾಗಕ್ಕೇ ಯಾವಾಗಲೂ ಹಾಕಕೂಡದು. ಬೀಜ, ನಾಟಿಯ ದಿನ, ಇತರ ಗೊಬ್ಬರ, ಕಳೆ ತೆಗೆಯುವುದು ಇವೆಲ್ಲವೂ ಎರಡು ಭಾಗಗಳಿಗೂ ಸಮನಾಗಿರಲಿ. ಒಂದರ ನೀರು ಮತ್ತೊಂದಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ಕೊಯ್ಲಿನಲ್ಲಿ ಪ್ರತಿ ಭಾಗದ ಮಧ್ಯದಿಂದ ಒಂದು ಗುಂಟೆಯ ಪೈರನ್ನು ಕೊಯ್ದು, ಬಡಿದು, ತೂರಿ, ಒಣಗಿಸಿ ತೂಗಬೇಕು.

ಲೆಕ್ಕ: ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಆರು ಗದ್ದೆಗಳಲ್ಲಿ ಸೊಪ್ಪಿನ ಭಾಗವು 4, 5, 6, 7, 8, 10 ಕಿಲೋಗ್ರಾಂ ಅಧಿಕವಾಗಿಯೂ, ಎರಡರಲ್ಲಿ 2, 3 ಕಿಲೋಗ್ರಾಂ ನ್ಯೂನವಾಗಿಯೂ ಬಂದಿತೆನ್ನೋಣ. ಅಧಿಕ ನ್ಯೂನವೆಂಬ ಭೇದವನ್ನೆಣಿಸದೆ, ಅತಿ ಸಣ್ಣ ವ್ಯತ್ಯಾಸಕ್ಕೆ 1, ಅದರ ಮೇಲಿನದಕ್ಕೆ 2, ಹೀಗೆ 8ರ ವರೆಗೆ ಕ್ರಮಾಂಕ ಕೊಡಬೇಕು. ನ್ಯೂನವಾದ ಗದ್ದೆಗಳಿಗೆ 1, 2 ಬರುವುವು, ಕೂಡಿದರೆ 3. ಅಧಿಕವಾದವುಗಳ ಕ್ರಮಾಂಕಗಳ ಮೊತ್ತ 33. ಇವೆರಡರಲ್ಲಿ ಚಿಕ್ಕದಾದ 3 ನಮ್ಮ ಪರೀಕ್ಷಾಂಕ.

ಸೊಪ್ಪಿನಿಂದ ಯಾವ ಫಲವೂ ಇಲ್ಲದಿದ್ದಲ್ಲಿ, ಪ್ರತಿ ಗದ್ದೆಯ ವ್ಯತ್ಯಾಸವೂ ನಾಣ್ಯ ಚಿಮ್ಮಿದಂತೆ ಅಧಿಕವೋ ನ್ಯೂನವೋ ಆಗಬಹುದು. ಎಂಟು ಗದ್ದೆಗಳಿಗೆ ಅಂತಹ ವಿಧಗಳು ಒಟ್ಟು 256. ಇವುಗಳಲ್ಲಿ ಚಿಕ್ಕ ಮೊತ್ತವು 3 ಅಥವಾ ಅದಕ್ಕೆ ಕಡಮೆ ಬರುವುದು 10ರಲ್ಲಿ ಮಾತ್ರ. ಅಂದರೆ ಬರಿಯ ಆಕಸ್ಮಿಕದಿಂದ ಹೀಗಾಗುವ ಸಂಭವ ಇಪ್ಪತ್ತೈದಕ್ಕೆ ಒಂದರಷ್ಟು. ಇಪ್ಪತ್ತಕ್ಕೆ ಒಂದಕ್ಕಿಂತ ಕಡಮೆಯಾದುದನ್ನು ನಂಬತಕ್ಕದ್ದೆಂದು ಎಣಿಸುವುದು ವಾಡಿಕೆ. ಕೀಟನಾಶಕ, ಶಿಲೀಂಧ್ರನಾಶಕಗಳ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ರಸಾಯನಶಾಸ್ತ್ರಜ್ಞ ಫ್ರಾಂಕ್ ವಿಲ್ಕಾಕ್ಸನ್ ಎಂಬವರು 1945ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು.

ಸರಾಸರಿಯೇ ಸಾಲದೇ ಎಂದು ಕೇಳಬಹುದು. ಇನ್ನೊಂದು ಗ್ರಾಮದಲ್ಲಿ 2, 5, 9, 44 ಅಧಿಕವೂ, 3, 4, 6, 7 ನ್ಯೂನವೂ ಆಯಿತೆನ್ನೋಣ. ಮೊದಲ ಗ್ರಾಮದಲ್ಲಿ ನಿವ್ವಳ ಹೆಚ್ಚಳ 35 ಕಿಲೋಗ್ರಾಂ, ಇಲ್ಲಿ 40. ಸರಾಸರಿಯನ್ನು ನೋಡಿದವರು ಈ ಗ್ರಾಮವನ್ನೇ ಮೆಚ್ಚುವರು. ಆದರೆ ನ್ಯೂನದ ಕ್ರಮಾಂಕಗಳು 2, 3, 5, 6, ಒಟ್ಟು 16; ಇದು 3ಕ್ಕಿಂತ ಬಹಳ ಹೆಚ್ಚು. ಬರಿಯ ಭಾಗಕ್ಕೆ ನೀರು ತಪ್ಪಿತೋ, ದನ ನುಗ್ಗಿತೋ, ಆ 44 ಒಂದೇ ಗದ್ದೆಯ ಮಾತು. ಸರಾಸರಿಯನ್ನು ಅದೊಂದೇ ಮೇಲೆತ್ತಿತು. ಕ್ರಮಾಂಕದಲ್ಲಿ ಅದಕ್ಕೆ 8ಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ನೆನಪಿಡಬೇಕಾದ ಅಂಶಗಳು:

1. ಚಿಕ್ಕ ಮೊತ್ತವು ಮೀರಕೂಡದ ಮಿತಿ: 6 ಜೋಡಿಗಳಿಗೆ 0, 7ಕ್ಕೆ 2, 8ಕ್ಕೆ 3, 9ಕ್ಕೆ 5, 10ಕ್ಕೆ 8. ಐದು ಜೋಡಿಗಳಿಂದ ಈ ಮಟ್ಟದ ನಿರ್ಣಯ ಸಾಧ್ಯವಿಲ್ಲ.

2. ವ್ಯತ್ಯಾಸವೇ ಇಲ್ಲದ ಜೋಡಿಯನ್ನು ಬಿಟ್ಟು ಉಳಿದವನ್ನು ಎಣಿಸಬೇಕು. ಎರಡು ವ್ಯತ್ಯಾಸಗಳು ಸಮನಾಗಿದ್ದರೆ ಅವುಗಳಿಗೆ ಸಲ್ಲುವ ಕ್ರಮಾಂಕಗಳ ಸರಾಸರಿಯನ್ನು ಎರಡಕ್ಕೂ ಕೊಡಬೇಕು.

3. ಒಂದೇ ಗದ್ದೆಯನ್ನು ಎಂಟು ಸಲ ತೂಗಿದರೆ ಎಂಟು ಜೋಡಿಗಳಾಗುವುದಿಲ್ಲ.

4. ಜೋಡಿಗಳ ಸಂಖ್ಯೆಯನ್ನು ನಾಟಿಗೆ ಮೊದಲೇ ಗೊತ್ತುಮಾಡಬೇಕು. ಮನಸ್ಸಿಗೆ ಒಪ್ಪದ ತೂಕವನ್ನು ಆಮೇಲೆ ಬಿಡಕೂಡದು.

ಮಿತಿಯನ್ನು ಮೀರಿದ ಮಾತ್ರಕ್ಕೆ ಸೊಪ್ಪು ನಿಷ್ಫಲವೆಂದು ಸಾರಲಾಗದು. ಇಷ್ಟು ಗದ್ದೆಗಳಿಂದ ಅದು ಸಿದ್ಧವಾಗಲಿಲ್ಲವೆಂದಷ್ಟೇ ಅರ್ಥ. ಮುಂದಿನ ಬೆಳೆಯಲ್ಲಿ ಹತ್ತು ಜೋಡಿಗಳಿಂದ ಪುನಃ ನೋಡಬಹುದು. ಫಲ ಸಿದ್ಧವಾದರೂ ಲಾಭ ಸಿದ್ಧವಾದಂತಲ್ಲ. ಹೆಚ್ಚಿದ ಭತ್ತದ ಬೆಲೆಯನ್ನು ಸೊಪ್ಪು ಕಡಿದು, ಹೊತ್ತು, ತುಳಿಸಿದ ಕೂಲಿಯೊಡನೆ ಎಕರೆವಾರು ಲೆಕ್ಕ ಹಾಕಿ, ಉಳಿತಾಯ ಕಂಡ ಬಳಿಕವೇ ಗ್ರಾಮಸ್ಥರಿಗೆ ಸಲಹೆ ನೀಡುವುದು ಶ್ರೇಯಸ್ಕರ.