ಪುನಲೂರಿನಲ್ಲಿ ಗಾಡಿ ನಿಲ್ಲಿಸಿ, ಸ್ವಾಮಿ

ಮಾಲೆ ಹಾಕಿದ ಮೇಲೆ ತಂಗಿಯ ಮಗನಾದರೂ ಸ್ವಾಮಿಯೇ. ಅದಕ್ಕೇ ಬಹುವಚನದಲ್ಲೇ ಹೇಳುತ್ತೇನೆ, ಕೇಳಿ. ಕುತ್ತಾಲಂನಲ್ಲಿ ಸ್ನಾನ ಮುಗಿಸಿ, ಸೆಂಗೋಟೆ, ಆರ್ಯಂಕಾವು ದಾಟಿ ಶಬರಿಮಲೆಗೆ ಹೋಗುವ ಆಲೋಚನೆ ನಿಮ್ಮದು. ದಾರಿಯಲ್ಲಿ ಪುನಲೂರು ಸಿಗುತ್ತದೆ. ನಮ್ಮ ಕಡೆಯ ಗಾಡಿಗಳೆಲ್ಲ ಅಲ್ಲಿನ ಕಾಂಕ್ರೀಟ್ ಸೇತುವೆಯ ಮೇಲೆ ಭರ್ರನೆ ಹಾದುಬಿಡುತ್ತವೆ. ಪಕ್ಕದಲ್ಲೇ ಕಲ್ಲಡ ಹೊಳೆಯ ಮೇಲೆ 1877ರಲ್ಲಿ ಕಟ್ಟಿ ಮುಗಿಸಿದ ತೂಗುಸೇತುವೆ ನಿಂತಿದೆ. ಅದನ್ನು ನೋಡದೆ ಬರಬೇಡಿ.

ಇರುಮುಡಿ ಗಾಡಿಯಲ್ಲೇ ಇರಲಿ, ಕಾಯಲು ಒಬ್ಬ ಸ್ವಾಮಿ ಕೂತಿರಲಿ. ಬೆಳಿಗ್ಗೆಯೋ ಸಂಜೆಯೋ ಆದರೆ ವಾಸಿ. ನೀವೆಲ್ಲ ಬರಿಗಾಲಿನವರು, ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಕಾಲಡಿ ಕಾದಿರುತ್ತದೆ.

ಹೋದವರೆಲ್ಲ ನೇರ ನಡುವಿಗೆ ನಡೆದು ಸೆಲ್ಫಿ ತೆಗೆದು ವಾಪಸಾಗುತ್ತಾರೆ. ನೀವು ಮೊದಲು ತುದಿಯಲ್ಲಿ ನಿಲ್ಲಿ. ಬಟ್ಟೆ ಒಣಹಾಕುವ ತಂತಿ ನೆನಪಿಸಿಕೊಳ್ಳಿ: ಒದ್ದೆ ಬಟ್ಟೆಯ ಭಾರಕ್ಕೆ ಕಂಬಗಳು ಒಳಕ್ಕೆ ವಾಲುತ್ತವೆ, ಅದಕ್ಕೇ ಕಂಬದ ಹಿಂದೆ ಗೂಟ ಹೊಡೆದು ಎಳೆದು ಕಟ್ಟುತ್ತೇವೆ. ಇಲ್ಲೂ ಅಷ್ಟೆ. ಮೇಲೆ ನಡೆಯುವವರ ಭಾರವನ್ನೆಲ್ಲ ಸರಪಳಿಗಳು ಹೊತ್ತು, ಕಲ್ಲಿನ ಕಮಾನುಗಳ ನೆತ್ತಿಯ ಮೇಲಿಂದ ಹಾದು, ಆಚೆ ಬದಿಯಲ್ಲಿ ನೆಲದೊಳಗೆ ಇಳಿಯುತ್ತವೆ. ಅಲ್ಲಿ ಬಾವಿ ತೋಡಿ ಅವನ್ನು ಬಿಗಿದಿದ್ದಾರೆ. ಸರಪಳಿ ಮಣ್ಣಿಗಿಳಿಯುವ ಆ ಜಾಗ ಫೋಟೋಕ್ಕೆ ಚೆಂದ ಬರುವುದಿಲ್ಲ. ಸೇತುವೆಯ ಜೀವ ಮಾತ್ರ ಅಲ್ಲೇ ಇದೆ.

ತಿರುವಾಂಕೂರಿನ ಆಯಿಲ್ಯಂ ತಿರುನಾಳ್ ಮಹಾರಾಜರ ಕಾಲದಲ್ಲಿ ಆಲ್ಬರ್ಟ್ ಹೆನ್ರಿ ಎಂಬ ಎಂಜಿನಿಯರ್ ಇದನ್ನು ಕಟ್ಟಿದ. ಉದ್ದ ಸುಮಾರು 400 ಅಡಿ. ಜನ ನಂಬದೆ ದೂರ ನಿಂತಾಗ ಆತ ಮೇಲೆ ಆರು ಆನೆ ನಡೆಸಿ, ಕೆಳಗೆ ದೋಣಿಯಲ್ಲಿ ಹೆಂಡತಿ ಮಕ್ಕಳ ಸಮೇತ ಕೂತಿದ್ದನಂತೆ. ಆನೆಯ ಮಾತು ಒಪ್ಪಬಹುದು. ಹೆಂಡತಿ ಸುಮ್ಮನೆ ದೋಣಿ ಹತ್ತಿದಳು ಎಂಬುದು ನನಗೆ ಅನುಮಾನ!

ಇನ್ನೊಂದು ಮಾತು, ಇದನ್ನು ಮೊದಲ ಸಲ ಬರುವ ಕನ್ನಿಸ್ವಾಮಿಗಳಿಗೂ ತಿಳಿಹೇಳಿ. ಶರಣು ಕೂಗುತ್ತಾ ಹತ್ತಿಪ್ಪತ್ತು ಜನ ಒಂದೇ ತಾಳಕ್ಕೆ ಹೆಜ್ಜೆ ಹಾಕುವುದು ನಿಮಗೆ ರೂಢಿ. ಸೇತುವೆಯ ಮೇಲೆ ಅದು ಬೇಡ. ತೂಗುಸೇತುವೆಗೆ ತನ್ನದೇ ಒಂದು ತೊನೆದಾಟವಿರುತ್ತದೆ. ಹೆಜ್ಜೆಯ ತಾಳ ಅದಕ್ಕೆ ಕೂಡಿತೆಂದರೆ ತೊನೆತ ಏರುತ್ತಲೇ ಹೋಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ನಿನಲ್ಲಿ ಸೈನಿಕರು ಸಾಲಾಗಿ ಹೆಜ್ಜೆ ಹಾಕುತ್ತಾ ಬಂದು ಒಂದು ತೂಗುಸೇತುವೆಯನ್ನೇ ಬೀಳಿಸಿದರು. ಅಂದಿನಿಂದ ಅಲ್ಲಿನ ಸೈನ್ಯದಲ್ಲಿ ಸೇತುವೆ ಬಂದರೆ ತಾಳ ಮುರಿದು ನಡೆಯಿರಿ ಎಂಬ ನಿಯಮವಾಯಿತು. ತಾಳದ್ದೊಂದೇ ಅಲ್ಲ, ಗುಂಪಿನ ಭಯವೂ ಇದೆ. ಗುಜರಾತಿನ ಮೋರ್ಬಿ ನೆನಪಿದೆಯಲ್ಲ? 2022ರ ಅಕ್ಟೋಬರ್ 30ರಂದು ಮಚ್ಛು ಹೊಳೆಯ ಮೇಲಿನ ಹಳೇ ತೂಗುಸೇತುವೆ ಹರಿದು 135 ಜನ ಹೋದರು. ರಿಪೇರಿ ಮುಗಿದು ಮತ್ತೆ ತೆರೆದು ವಾರವೂ ಆಗಿರಲಿಲ್ಲ. ಒಂದು ಮುಖ್ಯ ಕೇಬಲ್ಲಿನ ತಂತಿಗಳು ಅರ್ಧಕ್ಕರ್ಧ ತುಕ್ಕು ತಿಂದಿದ್ದವು ಎಂದು ತನಿಖೆಯಲ್ಲಿ ಬಂತು. ಮೇಲೆ ಮಿತಿಮೀರಿ ಜನ ಬೇರೆ. ತುಕ್ಕು ನೋಡುವುದು ನಮ್ಮ ಕೈಯಲ್ಲಿಲ್ಲ, ಗುಂಪಾಗದಿರುವುದು ಇದೆ. ನಾಲ್ಕೈದು ಜನರಾಗಿ ಹೋಗಿ, ಹಲಗೆ ಕುಲುಕಿ ಇನ್ನೊಬ್ಬರನ್ನು ಹೆದರಿಸುವ ಚೇಷ್ಟೆ ಬೇಡ.

ಮುಕ್ಕಾಲು ಗಂಟೆ ಧಾರಾಳ ಸಾಕು. ಮುಂದೆ ಪತ್ತನಂತಿಟ್ಟದ ರಸ್ತೆಯಲ್ಲಿ ತಿರುವು ಜಾಸ್ತಿ. ಡ್ರೈವರ್‌ಗೆ ಚಹಾ ಕುಡಿಸಿಯೇ ಹೊರಡಿ.