ಗಾಜಿನ ಬೌಲಿನ ಚಿನ್ನದ ಮೀನು ಮತ್ತು ನಮ್ಮ ಮೈತ್ರಿ

*ಇಂದಿನ ಧಮ್ಮ ಚಿಂತನೆ*



ಈ ವಾರ ಪಂಚಶೀಲದ ಮೊದಲ ಶೀಲವನ್ನು ಓದುತ್ತಿದ್ದೇವೆ. ಅದನ್ನು ಓದಿದ ಗುಂಡ್ಲುಪೇಟೆಯ ತಾಯಿಯೊಬ್ಬರು ಹೀಗೆ ಕೇಳಿದ್ದಾರೆ: "ಮೇಷ್ಟ್ರೇ, ಮಗನ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಚಿಕ್ಕದೊಂದು ಅಕ್ವೇರಿಯಂ, ಎರಡು ಗೋಲ್ಡ್ ಫಿಶ್ ತಂದುಕೊಟ್ಟರು. ದಿನಾ ಊಟ ಹಾಕಿ ಚೆನ್ನಾಗೇ ನೋಡ್ಕೊಂಡಿದ್ವಿ. ಎಂಟನೇ ದಿನಕ್ಕೆ ಒಂದು ಸತ್ತೋಯ್ತು. ನಾವು ಶೀಲ ಮುರಿದಂಗಾಯ್ತಾ?"

ಒಂದು ಮೀನಿನ ವಿಷಯ ಎಂದು ನಕ್ಕು ಬಿಡಬಾರದ ಪ್ರಶ್ನೆ ಇದು. ಶೀಲವನ್ನು ಬಾಯಲ್ಲಿ ಹೇಳುವುದು ಸುಲಭ, ಮನೆಯೊಳಗೆ ಹುಡುಕುವುದು ಕಷ್ಟ. ಈ ತಾಯಿ ಮನೆಯೊಳಗೆ ಹುಡುಕಿದ್ದಾರೆ. ಆದರೆ ಶೀಲದ ಮಾತಿಗೆ ಬರುವ ಮೊದಲು ಮೀನು ಯಾಕೆ ಸತ್ತಿತು ಎಂದು ತಿಳಿಯಬೇಕು. ಕಾರಣ ತಿಳಿಯದೆ ಪಾಪ ಪುಣ್ಯದ ಲೆಕ್ಕ ಹಾಕುವುದು ಬುದ್ಧರ ದಾರಿಯಲ್ಲ.

*ಈ ಮೀನು ಯಾವುದು?*

ಗೋಲ್ಡ್ ಫಿಶ್ ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ್ದು. ನಮ್ಮ ಕೆರೆಗಳಲ್ಲಿ ಬೆಳೆಸುವ ಕಾಟ್ಲಾ, ರೋಹು ಇದರ ನೆಂಟರು. ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಕೊಳಗಳಲ್ಲಿ ಬಣ್ಣ ತಿರುಗಿದ ಮೀನುಗಳನ್ನು ಆರಿಸಿ, ಸಾಕಿ, ಈ ತಳಿ ಮಾಡಿದರು. ಅಂದರೆ ಇದು ಕೊಳದ ಮೀನು.

ಅಂಗಡಿಯಲ್ಲಿ ನಾವು ನೋಡುವುದು ಇದರ ಮರಿಯನ್ನು. ಹೆಬ್ಬೆರಳಿನಷ್ಟು ಇರುತ್ತದೆ. ಸರಿಯಾಗಿ ಬೆಳೆದರೆ ದುಂಡು ಹೊಟ್ಟೆಯ, ಜೋಡಿ ಬಾಲದ ಬಗೆ 15ರಿಂದ 20 ಸೆಂಟಿಮೀಟರ್ ಆಗುತ್ತದೆ. ಒಂಟಿ ಬಾಲದ ಉದ್ದ ಮೈಯ ಬಗೆ 30 ಸೆಂಟಿಮೀಟರ್, ಅಂದರೆ ಮಕ್ಕಳ ಶಾಲೆಯ ಸ್ಕೇಲಿನಷ್ಟು ಉದ್ದ ಬೆಳೆಯಬಲ್ಲದು.

ಆಯುಸ್ಸು? ಚೆನ್ನಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಸಾಮಾನ್ಯ. ಬಾಬಾಸಾಹೇಬರು ದೀಕ್ಷೆ ಪಡೆದ 1956ರಲ್ಲೇ ಇಂಗ್ಲೆಂಡಿನ ಒಂದು ಜಾತ್ರೆಯಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್ ಫಿಶ್ 1999ರವರೆಗೆ, 43 ವರ್ಷ ಬದುಕಿ ಗಿನ್ನೆಸ್ ದಾಖಲೆಗೆ ಸೇರಿತು. ಅದು ಅಪರೂಪದ ಮಾತು, ಇರಲಿ. ಆದರೆ ನಮ್ಮ ಮನೆಗಳಲ್ಲಿ ಇದೇ ಮೀನಿನ ಬಾಳು ವಾರದಲ್ಲಿ ಮುಗಿಯುತ್ತಿದ್ದರೆ ಅದು ಅದರ ಆಯುಸ್ಸಲ್ಲ, ನಾವು ಕೊಟ್ಟ ಜಾಗದ ಅಳತೆ.

*ಚಿಕ್ಕ ತೊಟ್ಟಿಯಲ್ಲಿ ಏನಾಗುತ್ತದೆ?*

ಮೊದಲು ಅಳತೆ ಮಾಡೋಣ. ಮಕ್ಕಳಿಂದಲೇ ಮಾಡಿಸಿ. ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಉಡುಗೊರೆಗೆ ಕೊಳ್ಳುವ ಚಿಕ್ಕ ತೊಟ್ಟಿ 30 ಉದ್ದ, 15 ಅಗಲ, 20 ಎತ್ತರ ಇದ್ದರೆ 9 ಲೀಟರ್ ಆಯಿತು. ಬಣ್ಣದ ಕಲ್ಲು ಹಾಕಿ, ಮೇಲೆ ಸ್ವಲ್ಪ ಬಿಟ್ಟರೆ ಒಳಗಿರುವ ನೀರು ಒಂದು ಬಿಂದಿಗೆಯೂ ಇಲ್ಲ. ದುಂಡನೆ ಬೌಲಾದರೆ ಇನ್ನೂ ಕಡಿಮೆ.

ಗೋಲ್ಡ್ ಫಿಶ್‌ಗೆ ಜಠರ ಎಂಬುದಿಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದಕ್ಕೇ ಸದಾ ಮೇಯುತ್ತಿರುತ್ತದೆ, ಸದಾ ಗಲೀಜು ಮಾಡುತ್ತಿರುತ್ತದೆ. ಜೊತೆಗೆ ಅದರ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತಲೇ ಇರುತ್ತದೆ. ಕೊಳದಲ್ಲಿ ಇದನ್ನು ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಫಿಲ್ಟರಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಮೀನು ತಾನು ಬಿಟ್ಟ ವಿಷದಲ್ಲೇ ಉಸಿರಾಡಬೇಕು. ಎಂಟನೇ ದಿನದ ಸಾವಿಗೆ ಬಹುಮಟ್ಟಿಗೆ ಇದೇ ಕಾರಣ.

ನೀರು ತಿಳಿಯಾಗಿತ್ತಲ್ಲ ಎಂದು ಕೇಳುತ್ತಾರೆ. ಅಮೋನಿಯಾಕ್ಕೆ ಬಣ್ಣವಿಲ್ಲ. ತಿಳಿನೀರೆಲ್ಲ ಶುದ್ಧ ನೀರಲ್ಲ. ಈ ಮಾತು ನಮಗೆ ಹೊಸದಲ್ಲ. 1927ರಲ್ಲಿ ಮಹಾಡಿನ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿದ ಮೇಲೆ ಅಲ್ಲಿನ ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನೀರಿನ ಶುದ್ಧಿಯನ್ನು ಹುಟ್ಟಿನಿಂದ ಅಳೆದವರು ಅವರು. ನೀರಿನಲ್ಲಿ ಏನಿದೆ ಎಂದು ನೋಡಿ ಅಳೆಯಬೇಕಾದವರು ನಾವು.

ಇನ್ನು ಉಸಿರು. ನೀರಿಗೆ ಗಾಳಿ ಸೇರುವುದು ಮೇಲ್ಮೈಯಿಂದ. ದುಂಡನೆ ಬೌಲಿಗೆ ಕುತ್ತಿಗೆಯವರೆಗೆ ನೀರು ತುಂಬಿದರೆ ಗಾಳಿ ಸೇರುವ ಜಾಗ ಕಿರಿದಾಗುತ್ತದೆ. ಬೇಸಿಗೆಯಲ್ಲಿ ಕಷ್ಟ ಹೆಚ್ಚು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಇದು ತಣ್ಣೀರಿನ ಮೀನು. ಏಪ್ರಿಲ್ ತಿಂಗಳ ಚಾಮರಾಜನಗರದಲ್ಲಿ ಟಿ.ವಿ. ಮೇಲಿಟ್ಟ ಬೌಲಿನ ನೀರು ಮಧ್ಯಾಹ್ನಕ್ಕೆ ಎಷ್ಟು ಬಿಸಿಯಾಗುತ್ತದೆಂದು ಕೈ ಅದ್ದಿ ನೋಡಿ. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಮಕ್ಕಳು ಅದನ್ನು ಮುತ್ತು ಕೊಡುತ್ತಿದೆ ಎಂದುಕೊಳ್ಳುತ್ತಾರೆ. ಅದು ಉಸಿರಿಗೆ ಪರದಾಡುತ್ತಿರುತ್ತದೆ.

*"ಅದಕ್ಕೆ ಅಷ್ಟೇ ಸಾಕು" ಎಂಬ ಮಾತು*

ತೊಟ್ಟಿ ಎಷ್ಟು ಚಿಕ್ಕದೋ ಮೀನೂ ಅಷ್ಟೇ ಬೆಳೆಯುತ್ತದೆ, ಅದು ಹೊಂದಿಕೊಳ್ಳುತ್ತದೆ ಎಂದು ಅನೇಕರು ಹೇಳುತ್ತಾರೆ. ಬೆಳೆಯುವುದಿಲ್ಲ ಎಂಬುದು ನಿಜ. ಹೊಂದಿಕೊಂಡಿತು ಎಂಬುದು ಸುಳ್ಳು. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಅಷ್ಟೇ. ಅಪೌಷ್ಟಿಕತೆಯಿಂದ ಬಳಲಿದ ಮಗು ಕುಳ್ಳಗಿದ್ದರೆ ಅದು ಮನೆಗೆ ಹೊಂದಿಕೊಂಡಿದೆ ಎನ್ನುತ್ತೇವೆಯೇ? ಜಾಗ ಸಿಕ್ಕರೆ ಇದೇ ಮೀನು ಏನಾಗುತ್ತದೆಂದು 2021ರಲ್ಲಿ ಅಮೆರಿಕದ ಬರ್ನ್ಸ್‌ವಿಲ್ ನಗರದವರು ಕಂಡರು. ಯಾರೋ ಕೆರೆಗೆ ಬಿಟ್ಟ ಗೋಲ್ಡ್ ಫಿಶ್‌ಗಳು ಅಲ್ಲಿ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿದ್ದವು.

ಇದಕ್ಕೆ ಮೂರು ಸೆಕೆಂಡಿನ ನೆನಪು, ಬೇಸರವಾಗುವುದಿಲ್ಲ ಎಂಬುದೂ ಕಟ್ಟುಕತೆ. ಕಲಿತದ್ದನ್ನು ಗೋಲ್ಡ್ ಫಿಶ್ ತಿಂಗಳುಗಟ್ಟಲೆ ನೆನಪಿಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಊಟ ಹಾಕುವವರು ಬಂದರೆ ಗಾಜಿನ ಹತ್ತಿರ ಓಡಿ ಬರುವುದನ್ನು ಸಾಕಿದವರೆಲ್ಲ ನೋಡಿದ್ದಾರೆ.

"ಅವರಿಗೆ ಅಷ್ಟೇ ಸಾಕು", "ಅವರಿಗೆ ಅಭ್ಯಾಸವಾಗಿದೆ", "ಅವರಿಗೆ ಏನೂ ಅನ್ನಿಸಲ್ಲ". ಊರ ಹೊರಗಿನ ಕೇರಿಯಲ್ಲಿ ನಮ್ಮ ಅಜ್ಜ ಅಜ್ಜಿಯರು ಈ ಮೂರು ಮಾತನ್ನೂ ಕೇಳಿಸಿಕೊಂಡು ಬಾಳಿದರು. ನಾನು ಇಲ್ಲಿ ಮನುಷ್ಯರನ್ನು ಮೀನಿಗೆ ಹೋಲಿಸುತ್ತಿಲ್ಲ, ಆ ನೋವಿಗೆ ಬೇರೆ ಹೋಲಿಕೆ ಇಲ್ಲ. ವಾದವನ್ನು ವಾದಕ್ಕೆ ಹೋಲಿಸುತ್ತಿದ್ದೇನೆ. ಆ ವಾದ ಎಷ್ಟು ಸುಳ್ಳೆಂದು ಬಲ್ಲ ನಾವು ಅದನ್ನು ಎತ್ತಿಕೊಂಡು ಬಾಯಿಲ್ಲದ ಜೀವದ ಮೇಲೆ ಹೂಡಬಾರದು.

*ವಾಸ್ತು ಮೀನು*

ಇನ್ನೊಂದು ಮಾತು ನಮ್ಮ ಮನೆಗಳಿಗೂ ನುಸುಳಿದೆ. ಈಶಾನ್ಯದಲ್ಲಿ ಮೀನಿನ ತೊಟ್ಟಿ ಇಟ್ಟರೆ ದುಡ್ಡು ಬರುತ್ತದೆ, ಎಂಟು ಕೆಂಪು, ಒಂದು ಕಪ್ಪು ಇರಬೇಕು, ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು ಎಂದು. ಇದನ್ನು ನಂಬಿದವರಿಗೆ ಮೀನು ಸತ್ತಷ್ಟೂ ಸಮಾಧಾನ. ಇನ್ನೊಂದು ತಂದು ಬಿಡುತ್ತಾರೆ. ಅಮೋನಿಯಾದಿಂದ ಸತ್ತ ಮೀನಿಗೆ ಕಂಟಕದ ಕತೆ ಕಟ್ಟುವುದು ಮೂಢನಂಬಿಕೆ. ಅದಕ್ಕಿಂತ ಕೆಟ್ಟದ್ದು, ನಮ್ಮ ಕೇಡನ್ನು ಇನ್ನೊಂದು ಜೀವ ಹೊರಲಿ ಎಂಬ ಆಸೆ. 22 ಪ್ರತಿಜ್ಞೆ ಮಾಡಿದ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

*ಶೀಲದ ಪ್ರಶ್ನೆಗೆ ಉತ್ತರ*

ಪಾಣಾತಿಪಾತಕ್ಕೆ ಥೇರವಾದದ ವ್ಯಾಖ್ಯಾನಕಾರರು ಐದು ಅಂಗ ಹೇಳುತ್ತಾರೆ: ಜೀವವೊಂದು ಇರಬೇಕು, ಅದು ಜೀವವೆಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆಯಬೇಕು, ಅದರಿಂದ ಜೀವ ಹೋಗಬೇಕು. ಆ ತಾಯಿಗೆ ಕೊಲ್ಲುವ ಮನಸ್ಸಿರಲಿಲ್ಲ. ಮಗುವಿನ ಮಾವನಿಗೂ ಇರಲಿಲ್ಲ. ಆದ್ದರಿಂದ ಶೀಲ ಮುರಿದಿಲ್ಲ. ಅಮ್ಮ, ನೀವು ನಿದ್ದೆಗೆಡಬೇಡಿ.

ಆದರೆ ಧಮ್ಮ ಅಲ್ಲಿಗೆ ನಿಲ್ಲುವುದಿಲ್ಲ. ತಿಳಿಯದೆ ಆದದ್ದು ಬೇರೆ, ತಿಳಿದ ಮೇಲೂ ಹಾಗೇ ಬಿಡುವುದು ಬೇರೆ. ಎರಡನೆಯದಕ್ಕೆ ಪ್ರಮಾದ ಎಂದು ಹೆಸರು. ಎಚ್ಚರ ತಪ್ಪದಿರುವುದನ್ನೇ ಬುದ್ಧರು ಕೊನೆಯವರೆಗೂ ಕಲಿಸಿದರು. ಇಂದು ಇದನ್ನು ಓದಿದವರಿಗೆ ಇನ್ನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

"ನಾವು ಮೀನು ತಿನ್ನೋರು, ಇದನ್ನೆಲ್ಲ ಕೇಳೋಕೆ ನಮಗೇನು ಹಕ್ಕು?" ಎಂದು ಬಳಗದ ತಮ್ಮನೊಬ್ಬ ಕೇಳಬಹುದು. ನ್ಯಾಯವಾದ ಪ್ರಶ್ನೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಲ್ಲುವ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆ ಮಾಡಿ ತೋರಿಸುತ್ತಾರೆ. ಅಹಿಂಸೆ ಕುರುಡು ನಿಯಮವಲ್ಲ, ವಿವೇಚಿಸಿ ನಡೆಯಬೇಕಾದ ತತ್ವ ಎನ್ನುತ್ತಾರೆ. ತಟ್ಟೆ ನೋಡಿ ಮನುಷ್ಯರ ಬೆಲೆ ಕಟ್ಟುವವರ ಅಹಿಂಸೆ ನಮಗೆ ಬೇಡ. ಹೊಟ್ಟೆಯ ಅಗತ್ಯಕ್ಕೆ ಒಂದು ಲೆಕ್ಕವಿದೆ. ಷೋಕೇಸಿನ ಅಂದಕ್ಕಾಗಿ ಒಂದು ಜೀವವನ್ನು ದಿನದಿನವೂ ಉಸಿರುಗಟ್ಟಿಸುವುದಕ್ಕೆ ಯಾವ ಅಗತ್ಯವಿದೆ? ಅದೇ ಗ್ರಂಥದಲ್ಲಿ ಅವರು ಕರುಣೆ ಮನುಷ್ಯರ ಕಡೆಗೆ, ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳ ಕಡೆಗೆ ಎಂದು ಬಿಡಿಸಿ ಹೇಳಿದ್ದಾರೆ.

ಕಾನೂನೂ ಹೀಗೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯರನ್ನು ಬಿಟ್ಟು ಎಲ್ಲ ಜೀವಿ. ಅದರ 11ನೇ ಸೆಕ್ಷನ್ ಪ್ರಕಾರ, ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲೋ ಪಾತ್ರೆಯಲ್ಲೋ ಪ್ರಾಣಿಯನ್ನು ಕೂಡಿಹಾಕುವುದು ಕ್ರೌರ್ಯ. ಇಟಲಿಯ ರೋಮ್ ನಗರ 2005ರಲ್ಲಿ ದುಂಡನೆ ಬೌಲಿನಲ್ಲಿ ಗೋಲ್ಡ್ ಫಿಶ್ ಇಡುವುದನ್ನೇ ನಿಷೇಧಿಸಿತು. ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪ ಮತ್ತು ವೈಜ್ಞಾನಿಕ ಮನೋಭಾವ ಒಂದರ ಪಕ್ಕ ಒಂದು ಇವೆ. ಅನುಕಂಪ ಇದ್ದು ತಿಳಿವಳಿಕೆ ಇಲ್ಲದಿದ್ದರೆ ಪ್ರೀತಿಯಿಂದ ಊಟ ಹಾಕಿ ಹಾಕಿಯೇ ಮೀನನ್ನು ಸಾಯಿಸುತ್ತೇವೆ. ಎರಡೂ ಸೇರಿದಾಗ ಮೈತ್ರಿ.

*ಮನೆಯಲ್ಲಿ ಈಗಾಗಲೇ ಇದ್ದರೆ*

1. ಒಂದು ಗೋಲ್ಡ್ ಫಿಶ್‌ಗೆ ಕಡಿಮೆಯೆಂದರೆ 75 ಲೀಟರ್, ಅಂದರೆ 20 ಲೀಟರಿನ ನಾಲ್ಕು ನೀರಿನ ಕ್ಯಾನ್‌ನಷ್ಟು ನೀರು ಬೇಕು. ಆಮೇಲೆ ಪ್ರತಿ ಮೀನಿಗೆ ಇನ್ನೂ 40 ಲೀಟರ್. ಒಂಟಿ ಬಾಲದ ಉದ್ದ ಬಗೆಗೆ ಇದೂ ಸಾಲದು, ಅದಕ್ಕೆ ಕೊಳವೇ ಸರಿ.

2. ದೊಡ್ಡ ಗಾಜಿನ ತೊಟ್ಟಿಗೆ ದುಡ್ಡಿಲ್ಲದಿರುವುದು ತಪ್ಪಲ್ಲ. ಹಿತ್ತಲಿನ ನೆರಳಿನಲ್ಲಿ ಸಿಮೆಂಟ್ ತೊಟ್ಟಿ ಇದ್ದರೆ ಅದೇ ಒಳ್ಳೆಯ ಮನೆ. ಬೆಕ್ಕು, ಕಾಗೆಗೆ ಸಿಗದಂತೆ ಬಲೆ ಹಾಸಿ. ಸೊಳ್ಳೆ ಮರಿಯನ್ನೂ ಅದು ತಿನ್ನುತ್ತದೆ. 200 ಲೀಟರಿನ ಡ್ರಮ್ ಆದೀತು, ಆದರೆ ಬೆಳೆಗೆ ಹೊಡೆಯುವ ಔಷಧಿಯೋ ಕೆಮಿಕಲ್ಲೋ ತುಂಬಿದ್ದ ಡ್ರಮ್ ಬೇಡವೇ ಬೇಡ.

3. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಬಳಸಿ.

4. ನೀರನ್ನು ಪೂರ್ತಿ ಚೆಲ್ಲಿ ತೊಳೆಯಬೇಡಿ. ದೊಡ್ಡ ತೊಟ್ಟಿಯಾದರೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಚಿಕ್ಕದರಿಂದ ಬಿಡಿಸುವವರೆಗೆ ದಿನವೂ ಬದಲಿಸಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಇರುವುದು ಅಲ್ಲಿ.

5. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ ಹಾಕಿ. ಅನ್ನ, ಬ್ರೆಡ್ ಬೇಡ. ಉಳಿದದ್ದು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ.

6. ಸಾಕಲು ಆಗದಿದ್ದರೆ ಅಂಗಡಿಗೆ ಹಿಂತಿರುಗಿಸಿ, ಅಥವಾ ಕೊಳ ಇರುವವರಿಗೆ ಕೊಡಿ. ಪುಣ್ಯ ಬರುತ್ತದೆಂದು ಊರ ಕೆರೆಗೋ ಸುವರ್ಣಾವತಿ ಜಲಾಶಯಕ್ಕೋ ಬಿಡಬೇಡಿ. ಅದು ತಳ ಕೆದಕಿ ನೀರು ರಾಡಿ ಮಾಡುತ್ತದೆ, ಅಲ್ಲಿಯ ಮೀನಿನ ಮೊಟ್ಟೆ ತಿನ್ನುತ್ತದೆ. ಒಂದು ಜೀವ ಉಳಿಸಲು ಹೋಗಿ ನೂರಕ್ಕೆ ತೊಂದರೆ ಕೊಟ್ಟಂತಾಗುತ್ತದೆ.

ಮಾರುವವರನ್ನು ಬೈಯುವುದು ಬೇಡ, ಅವರೂ ಹೊಟ್ಟೆಪಾಡಿನವರು. ಕೊಳ್ಳುವ ಮುಂಚೆ ಮೂರು ಮಾತು ಕೇಳಿ: ಇದು ಎಷ್ಟು ದೊಡ್ಡದಾಗುತ್ತದೆ? ಎಷ್ಟು ವರ್ಷ ಬದುಕುತ್ತದೆ? ಎಷ್ಟು ಲೀಟರ್ ನೀರು ಬೇಕು? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರೇ ಹೇಳುತ್ತಾರೆ.

*ಇಂದಿನ ಅಭ್ಯಾಸ*

ಮೀನಿಲ್ಲದ ಮನೆಯವರೂ ಇದನ್ನು ಮಾಡಬಹುದು. ನಿಮ್ಮ ಆಸರೆಯಲ್ಲಿರುವ ಒಂದು ಜೀವವನ್ನು ನೆನೆಯಿರಿ. ನಾಯಿ, ಕೋಳಿ, ಹಸು, ಪಂಜರದ ಗಿಣಿ ಯಾವುದಾದರೂ ಸರಿ. ಅದು ನಮಗೆ ಎಷ್ಟು ಚಂದ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಡಿ. ಅದಕ್ಕೆ ಏನು ಬೇಕು, ಅದರಲ್ಲಿ ನಾವು ಎಷ್ಟು ಕೊಟ್ಟಿದ್ದೇವೆ, ಇವತ್ತು ಸಂಜೆಯೊಳಗೆ ಒಂದನ್ನಾದರೂ ಸರಿಪಡಿಸಬಹುದೇ ಎಂದು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ. ಕಂಡದ್ದನ್ನು ಭಾನುವಾರದ ಚರ್ಚೆಗೆ ತನ್ನಿ.

ಎಲ್ಲ ಜೀವಿಗಳಿಗೂ ಉಸಿರಾಡಲು ಜಾಗ ಸಿಗಲಿ.

ನಮೋ ಬುದ್ಧಾಯ. ಜೈ ಭೀಮ್.