ಉಬ್ಬಿದ ರಕ್ತನಾಳವನ್ನು ಧ್ವನಿಯಿಂದ ಅಳೆಯುವುದು

ಘೋಡಬಂದರ್ ರಸ್ತೆಯ ಪಂಕ್ಚರ್ ಅಂಗಡಿಯವನು ಲಾರಿಯ ಟಯರನ್ನು ಸವರಿ ನೋಡಿ, ಒಂದೆಡೆ ಉಬ್ಬಿದ್ದರೆ ಅದನ್ನು ಬದಲಿಸಲು ಹೇಳುವುದನ್ನು ನೀವು ಕಂಡಿರಬಹುದು. ಅಂಥ ಉಬ್ಬು ನಮ್ಮ ದೇಹದೊಳಗೂ ಉಂಟಾಗುವುದುಂಟು. ಹೃದಯದಿಂದ ಹೊರಟು ಹೊಟ್ಟೆಗೆ ಇಳಿಯುವ ಮಹಾಪಧಮನಿಯು ಅಲ್ಲಿ ಸುಮಾರು 2 ಸೆಂಟಿಮೀಟರು ಅಗಲವಾಗಿರುತ್ತದೆ. ಮುಪ್ಪು, ಧೂಮಪಾನ, ರಕ್ತದ ಒತ್ತಡ ಇವುಗಳಿಂದ ಗೋಡೆ ದುರ್ಬಲವಾದರೆ ನಾಳವು ಹಿಗ್ಗುತ್ತದೆ. ಹಿಗ್ಗಿದಷ್ಟೂ ಗೋಡೆಯ ಮೇಲಿನ ಸೆಳೆತ ಹೆಚ್ಚುತ್ತದೆ. ನೋವು ಮಾತ್ರ ಬಹುಧಾ ಇರುವುದಿಲ್ಲ. ಬೀಡಿ ಸೇದುವ ಅಜ್ಜಂದಿರು ಮನೆಯಲ್ಲಿದ್ದರೆ ಈ ವಿಷಯವನ್ನು ವೈದ್ಯರೊಡನೆ ಪ್ರಸ್ತಾಪಿಸಬೇಕು.

ವಿಜ್ಞಾನಿ ಐನ್‌ಸ್ಟೈನರಿಗೆ ಇದೇ ವ್ಯಾಧಿಯಿತ್ತು. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರ ಹೊಟ್ಟೆಯನ್ನು ಕೊಯ್ದು, ಉಬ್ಬಿದ ನಾಳಕ್ಕೆ ಸೆಲೊಫೇನ್ ಹಾಳೆಯನ್ನು ಸುತ್ತಿದರು. 1955ರ ಏಪ್ರಿಲಿನಲ್ಲಿ ನಾಳವು ಒಡೆದು ಐನ್‌ಸ್ಟೈನರು ತೀರಿಕೊಂಡರು.

ಇಂದು ಉಬ್ಬನ್ನು ಕಾಣಲು ಕತ್ತಿ ಬೇಡ, ಸೋನೋಗ್ರಫಿ ಸಾಕು. ಗರ್ಭಲಿಂಗ ಪರೀಕ್ಷೆ ಮಾಡುವುದಿಲ್ಲವೆಂಬ ಫಲಕವನ್ನು ಬಾಗಿಲಲ್ಲಿ ಓದಿ, ಈ ಯಂತ್ರ ಗರ್ಭಿಣಿಯರಿಗೇ ಮೀಸಲೆಂದು ಭಾವಿಸಬೇಡಿರಿ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿಯು ನಮ್ಮ ಕಿವಿಗೆ ಕೇಳಿಸದು. ಹೊಟ್ಟೆಯ ಪರೀಕ್ಷೆಗೆ ಬಳಸುವ ಧ್ವನಿಯಲ್ಲಿ ಸಾಮಾನ್ಯವಾಗಿ 20ರಿಂದ 50 ಲಕ್ಷ ಕಂಪನಗಳಿರುತ್ತವೆ. ಅದು ದೇಹದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರು ಸಾಗಿ, ನಾಳದ ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಅಗಲವು 2 ಸೆಂಟಿಮೀಟರಾದರೆ ಎರಡು ಪ್ರತಿಧ್ವನಿಗಳ ನಡುವಿನ ಕಾಲವು ಸೆಕೆಂಡಿನ ಹತ್ತು ಲಕ್ಷದಲ್ಲಿ 26 ಭಾಗ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಕೂಡಿಸಬೇಕೆಂಬುದನ್ನು ಮರೆಯದೆ ನೀವೇ ಲೆಕ್ಕ ಮಾಡಿ ನೋಡಿರಿ.

ಅಗಲವು 3 ಸೆಂಟಿಮೀಟರು ಮುಟ್ಟಿದರೆ ಅದನ್ನು ವ್ಯಾಧಿಯೆಂದು ಎಣಿಸಿ, ಆಗಾಗ ಅಳೆಯುತ್ತಾರೆ. ಗಂಡಸರಲ್ಲಿ 5.5 ಆದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಯಂತ್ರವು ಅಳೆಯುವುದು ಅಗಲವನ್ನು. ಗೋಡೆಯ ಬಲವನ್ನು ವೈದ್ಯರು ಅದರಿಂದಲೇ ಊಹಿಸಬೇಕಾಗಿದೆ.